ಹೊಗೆಗೆ ಶುಲ್ಕ ಹಾಕಿದರೆ ಮತಗಟ್ಟೆಯ ಸಾಲು ಉದ್ದವಾಗುತ್ತದೆಯೇ?

ಹಳೆಯ ಡೀಸೆಲ್ ವಾಹನವನ್ನು ಶಿರಸಿ ಪೇಟೆಯೊಳಗೆ ತಂದರೆ ದಿನಕ್ಕೆ ನೂರು ರೂಪಾಯಿ ಕಟ್ಟಬೇಕು ಎಂಬ ಆದೇಶ ಬಂದಿತೆಂದು ಇಟ್ಟುಕೊಳ್ಳಿ. ಮುಂದಿನ ನಗರಸಭೆ ಚುನಾವಣೆಯಲ್ಲಿ ಮತದಾನ ಏರುತ್ತದೆಯೇ, ಇಳಿಯುತ್ತದೆಯೇ? ಜನ ಸಿಟ್ಟಿಗೆದ್ದು ಬಂದು ಗುಂಡಿ ಒತ್ತುತ್ತಾರೆ ಎಂಬ ಉತ್ತರ ತಟ್ಟನೆ ಹೊಳೆಯುತ್ತದೆ. ಆದರೆ ಇಂಥ ಶುಲ್ಕ ಹಾಕಿದ ನಗರಗಳ ಲೆಕ್ಕ ನೋಡಿದರೆ ವಿಷಯ ಅಷ್ಟು ನೇರವಾಗಿಲ್ಲ. ಸಿಟ್ಟು ಮತವಾಗಿ ಬದಲಾಗುವುದು ಮೂರು ಸಂಗತಿಗಳ ಮೇಲೆ ನಿಂತಿದೆ. ಹಣ ಕಟ್ಟುವವರು ಯಾರು, ಅವರ ಹೆಸರು ಯಾವ ಊರಿನ ಮತದಾರರ ಪಟ್ಟಿಯಲ್ಲಿದೆ, ಬಿಲ್ಲಿನ ಬಿಸಿ ತಟ್ಟಿದ್ದು ಮತದಾನಕ್ಕೆ ಮೊದಲೋ ಆಮೇಲೋ ಎಂಬವು ಆ ಮೂರು.

ಲಂಡನ್ನಿನ ವ್ಯವಸ್ಥೆಯಿಂದ ಶುರುಮಾಡೋಣ, ಏಕೆಂದರೆ ಈ ಬಗೆಯ ಶುಲ್ಕಕ್ಕೆ ಅಷ್ಟು ದೊಡ್ಡ ಪ್ರಯೋಗಶಾಲೆ ಬೇರೆ ಸಿಗದು. ಅಲ್ಲಿನ ಅತಿ ಕಡಿಮೆ ಹೊಗೆ ವಲಯ 2019ರ ಏಪ್ರಿಲ್ 8ರಂದು ನಗರದ ನಡುಭಾಗದಲ್ಲಿ ಶುರುವಾಯಿತು. 2021ರ ಅಕ್ಟೋಬರ್‌ನಲ್ಲಿ ಉತ್ತರ ಮತ್ತು ದಕ್ಷಿಣ ವರ್ತುಲ ರಸ್ತೆಗಳವರೆಗೆ, 2023ರ ಆಗಸ್ಟ್ 29ರಂದು ಇಡೀ ಮಹಾನಗರಕ್ಕೆ ಹಬ್ಬಿತು. ಕಾರಿಗೆ ದಿನಕ್ಕೆ 12.50 ಪೌಂಡ್. ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ವಾಹನವನ್ನು ಗುರುತಿಸುತ್ತವೆ. ಹಣ ಕಟ್ಟದಿದ್ದರೆ 180 ಪೌಂಡ್ ದಂಡ, ಹದಿನಾಲ್ಕು ದಿನದೊಳಗೆ ಕಟ್ಟಿದರೆ ಅದರರ್ಧ. ವಾಹನ ಮನೆ ಮುಂದೆ ನಿಂತೇ ಇದ್ದರೆ ಶುಲ್ಕವಿಲ್ಲ, ಚಕ್ರ ಉರುಳಿದರೆ ಮಾತ್ರ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಯುರೋಪಿನ ಹೊಗೆ ಮಾನದಂಡಗಳಲ್ಲಿ ಪೆಟ್ರೋಲ್ ಕಾರಿಗೆ ಯೂರೋ-4 ಮಟ್ಟವಿದ್ದರೆ ಸಾಕು, ಡೀಸೆಲ್‌ಗೆ ಇನ್ನೂ ಬಿಗಿಯಾದ ಯೂರೋ-6 ಬೇಕು. ಹೀಗಾಗಿ 2006ರ ಪೆಟ್ರೋಲ್ ಕಾರು ಸಾಮಾನ್ಯವಾಗಿ ಬಿಟ್ಟಿ ಓಡುತ್ತದೆ, 2014ರ ಡೀಸೆಲ್ ಕಾರು ಹೆಚ್ಚಾಗಿ ಹಣ ಕಟ್ಟುತ್ತದೆ. ಡೀಸೆಲ್ ಎಂಜಿನ್ ಉಗುಳುವ ನೈಟ್ರೋಜನ್ ಆಕ್ಸೈಡ್‌ಗಳನ್ನು ಹತೋಟಿಗೆ ತರುವ ಉಪಕರಣ ತಡವಾಗಿ ಬಂದದ್ದು ಇದಕ್ಕೆ ಕಾರಣ. ಒಂದೇ ಬೀದಿಯಲ್ಲಿ, ಒಂದೇ ವರಮಾನದ ಇಬ್ಬರಲ್ಲಿ ಒಬ್ಬರಿಗೆ ಬಿಲ್ಲು ಬರುತ್ತದೆ, ಇನ್ನೊಬ್ಬರಿಗೆ ಬರುವುದಿಲ್ಲ. ಸಂಶೋಧಕರಿಗೆ ಇದೇ ಬೇಕಾದದ್ದು. ಅದಕ್ಕೆ ಮತ್ತೆ ಬರುತ್ತೇನೆ.

ಜನ ಏಕೆ ಮತ ಹಾಕುತ್ತಾರೆ ಎಂಬುದಕ್ಕೆ ರಾಜಕೀಯಶಾಸ್ತ್ರದಲ್ಲಿ ಒಂದು ಹಳೆಯ ಸಮೀಕರಣವಿದೆ. ವಿಲಿಯಂ ರೈಕರ್ ಮತ್ತು ಪೀಟರ್ ಓರ್ಡೆಶುಕ್ 1968ರಲ್ಲಿ ಅದನ್ನು ಮುಂದಿಟ್ಟರು. ನನ್ನೊಂದು ಮತದಿಂದ ಫಲಿತಾಂಶ ಬದಲಾಗುವ ಸಾಧ್ಯತೆಯನ್ನು, ಬದಲಾದರೆ ನನಗಾಗುವ ಲಾಭದಿಂದ ಗುಣಿಸಿ. ಅದರಿಂದ ಮತಗಟ್ಟೆಗೆ ಹೋಗಿಬರುವ ತ್ರಾಸನ್ನು ಕಳೆಯಿರಿ. ಮತ ಹಾಕುವುದು ನನ್ನ ಕರ್ತವ್ಯ ಎಂಬ ಭಾವನೆಯ ತೂಕವನ್ನು ಕೂಡಿಸಿ. ಮೊತ್ತ ಸೊನ್ನೆಗಿಂತ ಹೆಚ್ಚಿದ್ದರೆ ಮನುಷ್ಯ ಮನೆಯಿಂದ ಹೊರಡುತ್ತಾನೆ.

ಹೊಗೆ ಶುಲ್ಕ ಮುಟ್ಟುವುದು ಮುಖ್ಯವಾಗಿ ಎರಡನೆಯ ಅಂಶವನ್ನು, ಅಂದರೆ ಫಲಿತಾಂಶದಿಂದ ನನಗಾಗುವ ಲಾಭವನ್ನು. ತಿಂಗಳಿಗೆ 22 ದಿನ ಕೆಲಸಕ್ಕೆ ಗಾಡಿ ತೆಗೆಯುವ ಪ್ಲಂಬರ್‌ಗೆ 275 ಪೌಂಡ್ ಹೋಗುತ್ತದೆ. ಅವನಿಗೆ ಇದು ದಿನದಿನವೂ ಕಾಣುವ ನಷ್ಟ. ಶುದ್ಧ ಗಾಳಿಯ ಲಾಭವಾದರೋ ಲಕ್ಷಾಂತರ ಜನರಿಗೆ ತೆಳುವಾಗಿ ಹಂಚಿಹೋಗುತ್ತದೆ. ಮಗುವಿಗೆ ಈ ವರ್ಷ ಉಬ್ಬಸ ಕಡಿಮೆಯಾದರೆ ಅದು ಶುಲ್ಕದ ಫಲವೆಂದು ತಾಯಿಗೆ ಗೊತ್ತಾಗುವ ದಾರಿಯಿಲ್ಲ. ಆದ್ದರಿಂದ ಕಟ್ಟುವವರ ಗುಂಪು ಚಿಕ್ಕದಾದರೂ ಬಿಸಿಯಾಗಿರುತ್ತದೆ, ಲಾಭ ಪಡೆಯುವವರ ಗುಂಪು ದೊಡ್ಡದಾದರೂ ತಣ್ಣಗಿರುತ್ತದೆ. ಹಾಗೆಂದು ಕಟ್ಟುವವರೆಲ್ಲ ಹೊಸದಾಗಿ ಮತಗಟ್ಟೆಗೆ ಬರುತ್ತಾರೆ ಎನ್ನುವಂತಿಲ್ಲ. ಸ್ವಂತ ಮನೆ, ಕಾರು ಇರುವ ನಡುವಯಸ್ಸಿನವರು ಮೊದಲಿನಿಂದಲೂ ತಪ್ಪದೆ ಮತ ಹಾಕುವವರೇ. ಅವರ ಸಿಟ್ಟು ಗುಂಡಿಯನ್ನು ಬದಲಿಸುತ್ತದೆಯೇ ಹೊರತು ಹಾಜರಿಯನ್ನು ಹೆಚ್ಚಿಸುವುದಿಲ್ಲ.

2023ರ ಜುಲೈ 20ರಂದು ಬ್ರಿಟನ್ನಿನಲ್ಲಿ ಒಂದೇ ದಿನ ಮೂರು ಕ್ಷೇತ್ರಗಳ ಉಪಚುನಾವಣೆ ನಡೆಯಿತು. ಲಂಡನ್ನಿನ ಪಶ್ಚಿಮದಂಚಿನ ಅಕ್ಸ್‌ಬ್ರಿಜ್‌ನಲ್ಲಿ ಇಡೀ ಪ್ರಚಾರ ಹೊಗೆ ಶುಲ್ಕದ ಸುತ್ತ ತಿರುಗಿತು. ಶುಲ್ಕ ಅಲ್ಲಿಗೆ ಬರಲು ಇನ್ನು ನಲವತ್ತು ದಿನವಿತ್ತು. ಅದನ್ನು ವಿರೋಧಿಸಿದ ಕನ್ಸರ್ವೇಟಿವ್ ಪಕ್ಷ 495 ಮತಗಳಿಂದ ಸೀಟು ಉಳಿಸಿಕೊಂಡಿತು. ಮತದಾನ ಶೇ. 46.2. 2019ರ ಸಾರ್ವತ್ರಿಕ ಚುನಾವಣೆಯಲ್ಲಿ ಅದು ಶೇ. 68.5 ಇತ್ತು. ಇಷ್ಟನ್ನೇ ನೋಡಿದವರು ಶುಲ್ಕದಿಂದ ಮತದಾನ ಕುಸಿಯಿತು ಎಂದುಬಿಡಬಹುದು. ಆದರೆ ಉಪಚುನಾವಣೆಯಲ್ಲಿ ಮತದಾನ ಎಲ್ಲ ಕಡೆಯೂ ಕುಸಿಯುತ್ತದೆ. ಅದೇ ದಿನ ಹೊಗೆ ಶುಲ್ಕದ ಗಾಳಿಯೂ ಇಲ್ಲದ ಸೆಲ್ಬಿಯಲ್ಲಿ ಶೇ. 71.7ರಿಂದ 44.8ಕ್ಕೆ, ಸೋಮರ್ಟನ್‌ನಲ್ಲಿ ಶೇ. 75.6ರಿಂದ 44.2ಕ್ಕೆ ಇಳಿಯಿತು. ಕಳೆದು ನೋಡಿ: ಅಕ್ಸ್‌ಬ್ರಿಜ್‌ನ ಇಳಿಕೆ 22.3 ಶೇಕಡಾ ಅಂಶ, ಸೆಲ್ಬಿಯದು 26.9, ಸೋಮರ್ಟನ್‌ನದು 31.4. ಶುಲ್ಕದ ಬಿಸಿಯಿದ್ದ ಕಡೆ ಇಳಿಕೆ ಕಡಿಮೆ.

ಹೀಗೆ ಬದಲಾವಣೆಯೊಂದಿಗೆ ಬದಲಾವಣೆಯನ್ನು ಹೋಲಿಸುವುದೇ ಈ ವಿಷಯದಲ್ಲಿ ಸರಿಯಾದ ದಾರಿ. ಆದರೂ ಈ ನಾಲ್ಕೂವರೆಯಿಂದ ಒಂಬತ್ತು ಅಂಶಗಳ ವ್ಯತ್ಯಾಸವನ್ನು ಪೂರ್ತಿಯಾಗಿ ಶುಲ್ಕದ ಖಾತೆಗೆ ಬರೆಯಲಾಗದು. ಅಕ್ಸ್‌ಬ್ರಿಜ್ ನಗರ, ಉಳಿದೆರಡು ಹಳ್ಳಿ ಹೆಚ್ಚಿರುವ ಕ್ಷೇತ್ರಗಳು. ಅದು ಮಾಜಿ ಪ್ರಧಾನಿ ಬೋರಿಸ್ ಜಾನ್ಸನ್ ಬಿಟ್ಟುಹೋದ ಸೀಟು ಬೇರೆ. ಮೂರೇ ಕ್ಷೇತ್ರಗಳಿಂದ ಅವನ್ನೆಲ್ಲ ಬೇರ್ಪಡಿಸಲು ಬರುವುದಿಲ್ಲ.

ಮುಂದೇನಾಯಿತು? ಶುಲ್ಕ ಜಾರಿಯಾಗಿ ಎಂಟು ತಿಂಗಳಾದ ಮೇಲೆ, 2024ರ ಮೇ 2ರಂದು ಮೇಯರ್ ಚುನಾವಣೆ ನಡೆಯಿತು. ಶುಲ್ಕ ವಿಸ್ತರಿಸಿದ್ದ ಸಾದಿಕ್ ಖಾನ್ ಶೇ. 43.8 ಮತ ಪಡೆದು ಮೂರನೆಯ ಬಾರಿ ಗೆದ್ದರು. ಮತದಾನ 2021ರ ಶೇ. 42ರಿಂದ 40.5ಕ್ಕೆ ಇಳಿದಿತ್ತು. ಮತದಾರರು ಫೋಟೋ ಗುರುತಿನ ಚೀಟಿ ತೋರಿಸಬೇಕೆಂಬ ನಿಯಮ ಈ ನಡುವೆ ಬಂದಿತ್ತು, ಮತ ಎಣಿಸುವ ಪದ್ಧತಿಯೂ ಬದಲಾಗಿತ್ತು. ಹಾಗಾಗಿ ಆ ಒಂದೂವರೆ ಅಂಶದ ಇಳಿಕೆಯಿಂದ ಶುಲ್ಕದ ಬಗ್ಗೆ ಏನನ್ನೂ ಹೇಳಲಾಗದು. ಹೇಳಬಹುದಾದದ್ದು ಇಷ್ಟೇ: ಬರಲಿರುವ ಶುಲ್ಕ ಒಂದು ಸೀಟಿನ ಹಣೆಬರಹವನ್ನೇ ಅಲುಗಿಸುವಷ್ಟು ಸದ್ದು ಮಾಡಿತ್ತು, ಬಂದು ನೆಲೆಸಿದ ಶುಲ್ಕ ಮೇಯರನ್ನು ಕೆಳಗಿಳಿಸಲಿಲ್ಲ.

ಕಾಲದ ಈ ಪಾತ್ರ ಜನಮತಗಣನೆಗಳಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅವು ಹೊಗೆಗಲ್ಲ, ಪೇಟೆಯ ದಟ್ಟಣೆಗೆ ಹಾಕಿದ ಶುಲ್ಕಗಳು, ಆದರೆ ಮತದಾರನ ಕಿಸೆಗೆ ಎರಡೂ ಒಂದೇ. ಎಡಿನ್‌ಬರೋದಲ್ಲಿ 2005ರ ಫೆಬ್ರವರಿಯಲ್ಲಿ, ಶುಲ್ಕ ಹಾಕುವ ಮೊದಲೇ, ಅಂಚೆ ಮೂಲಕ ಜನರನ್ನು ಕೇಳಿದರು. ಸುಮಾರು ಶೇ. 62 ಮಂದಿ ಮತ ಹಾಕಿದರು, ಶೇ. 74 ಬೇಡವೆಂದರು. ಮ್ಯಾಂಚೆಸ್ಟರ್‌ನಲ್ಲಿ 2008ರ ಡಿಸೆಂಬರ್‌ನಲ್ಲಿ ಮತದಾನ ಶೇ. 53, ಬೇಡವೆಂದವರು ಶೇ. 79. ಬ್ರಿಟನ್ನಿನ ಸ್ಥಳೀಯ ಚುನಾವಣೆಗೆ ಸಾಮಾನ್ಯವಾಗಿ ಮೂವರಲ್ಲಿ ಒಬ್ಬರು ಬರುವುದೇ ಹೆಚ್ಚು, ಅಂಥಲ್ಲಿ ಇದು ದೊಡ್ಡ ಹಾಜರಿ. ಮನೆಗೇ ಬಂದ ಮತಪತ್ರ ತ್ರಾಸನ್ನು ತಗ್ಗಿಸಿತ್ತು, ನಷ್ಟದ ಭಯ ಉಳಿದ ಕೆಲಸ ಮಾಡಿತು. ಸ್ಟಾಕ್‌ಹೋಮ್ ಕ್ರಮವನ್ನೇ ತಿರುಗಿಸಿತು. 2006ರ ಜನವರಿ 3ರಿಂದ ಜುಲೈ 31ರವರೆಗೆ ಶುಲ್ಕವನ್ನು ಪ್ರಯೋಗಕ್ಕೆಂದು ಜಾರಿಗೆ ತಂದು, ಆಮೇಲೆ ಸೆಪ್ಟೆಂಬರ್ 17ರಂದು ಸಾರ್ವತ್ರಿಕ ಚುನಾವಣೆಯ ಜೊತೆಗೇ ಜನರನ್ನು ಕೇಳಿದರು. ಶುಲ್ಕದ ಗಡಿ ದಾಟುವ ವಾಹನಗಳು ಸುಮಾರು ಐದನೇ ಒಂದು ಪಾಲು ಇಳಿದದ್ದನ್ನು ಜನ ಕಣ್ಣಾರೆ ಕಂಡಿದ್ದರು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಬೇಕೆಂದರು. ಸಾರ್ವತ್ರಿಕ ಚುನಾವಣೆಯ ದಿನವಾದ್ದರಿಂದ ಸಿಟ್ಟಿಲ್ಲದವರೂ ಮತಗಟ್ಟೆಗೆ ಬಂದಿದ್ದರು ಎಂಬುದನ್ನು ಮರೆಯಬಾರದು. ಪ್ರತ್ಯೇಕ ದಿನ ಕೇಳಿದರೆ ಬಿಸಿ ಗುಂಪಿನ ಪಾಲು ದೊಡ್ಡದಾಗುತ್ತದೆ, ಎಲ್ಲರೂ ಬರುವ ದಿನ ಕೇಳಿದರೆ ಅದು ಕರಗುತ್ತದೆ.

ಬಿಲ್ಲು ಬಂದವರನ್ನು ಬಿಲ್ಲು ಬಾರದವರ ಪಕ್ಕದಲ್ಲಿಟ್ಟು ನೋಡಿದ ಒಳ್ಳೆಯ ಅಧ್ಯಯನವೊಂದು ಇಟಲಿಯ ಮಿಲಾನ್‌ನಿಂದ ಬಂದಿದೆ. 2019ರ ಫೆಬ್ರವರಿ 25ರಂದು ಆ ನಗರ ಹಳೆಯ ವಾಹನಗಳನ್ನು ತನ್ನ ಬಹುಭಾಗದಲ್ಲಿ ನಿಷೇಧಿಸತೊಡಗಿತು. ಶುಲ್ಕವಲ್ಲ, ನಿಷೇಧ, ಆದರೂ ಕಾರಣ ಹೊಗೆಯೇ. ನಿಷೇಧಕ್ಕೆ ಸಿಕ್ಕಿದ ಯೂರೋ-4 ಡೀಸೆಲ್ ಕಾರಿನ ಒಡೆಯರನ್ನು, ಹೆಚ್ಚುಕಡಿಮೆ ಅಂಥದೇ ಆದರೆ ನಿಷೇಧದಿಂದ ಪಾರಾದ ಕಾರಿನ ಒಡೆಯರೊಂದಿಗೆ ಹೋಲಿಸಿದರು. ಅದೇ ವರ್ಷದ ಯುರೋಪಿಯನ್ ಸಂಸತ್ ಚುನಾವಣೆಯಲ್ಲಿ ಮೊದಲ ಗುಂಪು ನಿಷೇಧವನ್ನು ವಿರೋಧಿಸಿದ ಲೇಗಾ ಪಕ್ಷಕ್ಕೆ ಮತ ಹಾಕುವ ಸಾಧ್ಯತೆ 13.5 ಅಂಶ ಹೆಚ್ಚಿತ್ತು. ಪರಿಸರದ ಬಗ್ಗೆ ಅವರ ಅಭಿಪ್ರಾಯ ಮಾತ್ರ ಬದಲಾಗಿರಲಿಲ್ಲ. ಸರ್ಕಾರದಿಂದ ಪರಿಹಾರಧನ ಪಡೆದವರಲ್ಲಿ ಆ ವಾಲುವಿಕೆಯೂ ಕಾಣಲಿಲ್ಲ. ನೋವು ಗಾಳಿಯದಲ್ಲ, ಕೈಬಿಟ್ಟುಹೋದ ಹಣದ್ದು ಎಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ. ಇಂಥ ಶುಲ್ಕ ತರಬಯಸುವವರು ಪರಿಹಾರದ ಹಣವನ್ನು ಮೊದಲು ಎತ್ತಿಡಬೇಕು ಎಂಬುದು ನನ್ನ ಅಭಿಪ್ರಾಯ. ಲಂಡನ್ನಿನಲ್ಲೂ ಹಳೆಯ ಕಾರು ಗುಜರಿಗೆ ಹಾಕಿದವರಿಗೆ 2,000 ಪೌಂಡ್ ಕೊಡುವ ಯೋಜನೆಯಿತ್ತು, ಅದನ್ನು ಎಲ್ಲ ನಿವಾಸಿಗಳಿಗೂ ತೆರೆದದ್ದು ಅಕ್ಸ್‌ಬ್ರಿಜ್‌ನಲ್ಲಿ ಖಾನ್ ಅವರ ಲೇಬರ್ ಪಕ್ಷ ಸೋತ ಮೇಲೆ.

ಈಗ ಶಿರಸಿಗೆ ಬರೋಣ. ಪೇಟೆಯ ಬಾಗಿಲಲ್ಲಿ ಶುಲ್ಕ ಹಾಕಿದರೆ ಕಟ್ಟುವವರಲ್ಲಿ ಬಹಳಷ್ಟು ಮಂದಿ ಪೇಟೆಯವರಲ್ಲ. ಅಡಕೆ ಚೀಲ ಹೇರಿಕೊಂಡು ಸೊಸೈಟಿಗೆ ಬರುವ ಪಿಕಪ್ ಹುಲೇಕಲ್ಲಿನದೋ ಬನವಾಸಿಯದೋ ಸಿದ್ದಾಪುರದ್ದೋ ಇರುತ್ತದೆ. ಒಡೆಯನ ಹೆಸರು ಇರುವುದು ಗ್ರಾಮ ಪಂಚಾಯಿತಿಯ ಪಟ್ಟಿಯಲ್ಲಿ. ನಗರಸಭೆಯ ಮತಯಂತ್ರದ ಮುಂದೆ ಅವನಿಗೆ ನಿಲ್ಲಲು ಜಾಗವೇ ಇಲ್ಲ. ಕಾರವಾರದಲ್ಲೂ ಹಾಗೆಯೇ, ಕಾಳಿ ಸೇತುವೆ ದಾಟಿ ಬರುವ ಸದಾಶಿವಗಡದ ಟೆಂಪೊ, ಅಂಕೋಲಾದಿಂದ ಬರುವ ಮೀನಿನ ಗಾಡಿ, ಗೋವಾ ನೋಂದಣಿಯ ಕಾರು. ಇವರ ಸಿಟ್ಟು ಎಷ್ಟೇ ಇದ್ದರೂ ನಗರಸಭೆಯ ಮತದಾನದ ಪ್ರಮಾಣದಲ್ಲಿ ಅದರ ಗುರುತು ಬೀಳದು. ಲಂಡನ್ನಿನ ಸುತ್ತಲಿನ ಕೆಂಟ್, ಸರ್ರೆ, ಎಸೆಕ್ಸ್‌ನ ಜನ ಇದೇ ಸ್ಥಿತಿಯಲ್ಲಿದ್ದರು. ಮತದ ದಾರಿ ಇಲ್ಲದ್ದರಿಂದ ಸರ್ರೆಯ ಕೌನ್ಸಿಲ್, ಲಂಡನ್ ಹೊರವಲಯದ ನಾಲ್ಕು ಬರೋಗಳ (ನಗರದೊಳಗಿನ ಸ್ಥಳೀಯ ಆಡಳಿತಗಳ) ಜೊತೆ ಸೇರಿ ಹೈಕೋರ್ಟಿಗೆ ಹೋಯಿತು. 2023ರ ಜುಲೈನಲ್ಲಿ ತೀರ್ಪು ಅವರಿಗೆ ವಿರುದ್ಧವಾಗಿ ಬಂತು.

ಒಂದು ವೇಳೆ ನಮ್ಮಲ್ಲಿ ಈ ಪರಿಣಾಮವನ್ನು ಅಳೆಯಹೊರಟರೆ ಎಡವುವುದು ಎಲ್ಲಿ ಎಂದು ನೋಡಿ. ಶಿರಸಿ ನಗರದ ಜನಸಂಖ್ಯೆ 2011ರ ಜನಗಣತಿಯಲ್ಲಿ 60 ಸಾವಿರ ದಾಟಿತ್ತು, ವಾರ್ಡುಗಳು 31. ಅಂದರೆ ವಾರ್ಡಿಗೆ ಎರಡು ಸಾವಿರ ಜನ, ಮತದಾರರು ಅಂದಾಜು 1,500. ಅದರಲ್ಲಿ 900 ಮಂದಿ ಬಂದರೆ ಮತದಾನ ಶೇ. 60. ಬೆಂಗಳೂರಿಗೆ ಹೋಗಿ ನೆಲೆಸಿದವರ, ತೀರಿಹೋದವರ 150 ಹೆಸರು ಮುಂದಿನ ಪಟ್ಟಿ ಪರಿಷ್ಕರಣೆಯಲ್ಲಿ ಹೋದವೆನ್ನಿ. ಅದೇ 900 ಮಂದಿ ಬಂದರೂ ಪ್ರಮಾಣ ಶೇ. 66.7 ಆಗುತ್ತದೆ. ಒಬ್ಬನೇ ಒಬ್ಬ ಹೊಸ ಮತದಾರ ಬಾರದೆ ಸುಮಾರು ಏಳು ಅಂಶದ ಏರಿಕೆ! ಶುಲ್ಕದಿಂದ ನಿರೀಕ್ಷಿಸಬಹುದಾದ ಯಾವ ಪರಿಣಾಮಕ್ಕಿಂತಲೂ ಇದು ದೊಡ್ಡದು. ಆದ್ದರಿಂದ ಮೊದಲು ಕೇಳಬೇಕಾದದ್ದು ಬಂದ ಮತದಾರರ ಸಂಖ್ಯೆಯನ್ನು, ಶೇಕಡಾವಾರನ್ನಲ್ಲ.

ಇನ್ನು ಎರಡು ಅಂಶದ ಬದಲಾವಣೆಯೆಂದರೆ ಇಂಥ ವಾರ್ಡಿನಲ್ಲಿ 30 ಮಂದಿ. ಆ ದಿನ ಯಲ್ಲಾಪುರದಲ್ಲೊಂದು ಮದುವೆಯಿದ್ದು ಒಂದು ಬಸ್ಸು ಹೊರಟರೆ ಮುಗಿಯಿತು. ಯಾವ ಶುಲ್ಕವೂ ಇಲ್ಲದೆ ವಾರ್ಡಿನಿಂದ ವಾರ್ಡಿಗೆ ಏರಿಳಿತ ನಾಲ್ಕು ಅಂಶದಷ್ಟು ಚದುರುತ್ತದೆ ಎಂದು ಹಿಡಿದು, ಹಳೆಯ ಡೀಸೆಲ್ ವಾಹನ ಹೆಚ್ಚಿರುವ 15 ವಾರ್ಡನ್ನು ಉಳಿದ 16ರೊಂದಿಗೆ ಹೋಲಿಸಿದರೆ, ಸುಮಾರು ಮೂರು ಅಂಶಕ್ಕಿಂತ ಸಣ್ಣ ವ್ಯತ್ಯಾಸವನ್ನು ನಂಬುವಂತಿಲ್ಲ. ಕರಾವಳಿಯಲ್ಲಿ ಕ್ಯಾಲೆಂಡರ್ ಕೂಡ ಕೈಯಾಡಿಸುತ್ತದೆ. ಕಾರವಾರ ನಗರಸಭೆಗೆ 2018ರ ಆಗಸ್ಟ್ 31ರಂದು ಮತದಾನ ನಡೆಯಿತು. ಯಾಂತ್ರೀಕೃತ ಮೀನುಗಾರಿಕೆಯ ನಿಷೇಧ ಜುಲೈ 31ಕ್ಕೆ ಮುಗಿಯುವುದರಿಂದ ಆ ಹೊತ್ತಿಗೆ ಬೋಟುಗಳು ಕಡಲಿಗಿಳಿದಿರುತ್ತವೆ. ಮಳೆಯೂ ನಿಂತಿರುವುದಿಲ್ಲ. ಒಂದು ಚುನಾವಣೆ ಜುಲೈಯಲ್ಲಿ, ಇನ್ನೊಂದು ಡಿಸೆಂಬರ್‌ನಲ್ಲಿ ನಡೆದರೆ ಮೀನುಗಾರರ ವಾರ್ಡುಗಳನ್ನು ಹೋಲಿಕೆಯಿಂದ ಹೊರಗಿಡುವುದೇ ಲೇಸು.

ವಾಹನಗಳ ಲೆಕ್ಕದಲ್ಲೂ ಇಂಥದೇ ತೊಡಕು. ಕೆಎ-31 ಎಂದಿರುವ ಗಾಡಿಗಳೆಲ್ಲ ಶಿರಸಿ ಪೇಟೆಯವಲ್ಲ, ಆ ಆರ್‌ಟಿಒ ವ್ಯಾಪ್ತಿಯ ಘಟ್ಟದ ಮೇಲಿನ ಹಳ್ಳಿಗಳವೂ ಅದರಲ್ಲಿವೆ. ನಮ್ಮ ದೇಶದ ಹೊಗೆ ಮಾನದಂಡಗಳಾದ ಬಿಎಸ್-4, ಬಿಎಸ್-6 ಎಂಬ ವಿಂಗಡಣೆ ಆರ್‌ಟಿಒವಾರು ಸಿಗುತ್ತದೆ, ವಾರ್ಡುವಾರು ಸಿಗದು. ಬೀದಿಗಿಳಿದು ರಾತ್ರಿ ಮನೆ ಮುಂದೆ ನಿಂತ ವಾಹನಗಳನ್ನು ಎಣಿಸುವುದು ಇದ್ದುದರಲ್ಲಿ ಒಳ್ಳೆಯ ದಾರಿ. ದೇಶದಲ್ಲೆಲ್ಲ ಬಿಎಸ್-6 ಕಡ್ಡಾಯವಾದದ್ದು 2020ರ ಏಪ್ರಿಲ್ 1ರಿಂದ. ಹಾಗಾಗಿ ನಂಬರ್ ಪ್ಲೇಟಿನ ಸರಣಿಯಿಂದಲೇ ಗಾಡಿಯ ಕಾಲವನ್ನು ತಕ್ಕಮಟ್ಟಿಗೆ ಊಹಿಸಬಹುದು.

ನಮ್ಮಲ್ಲಿ ಇಂಥ ಶುಲ್ಕ ಬಂದರೂ ಅದನ್ನು ನಗರಸಭೆ ಹಾಕುವಂತಿಲ್ಲ ಎಂಬುದು ಕೊನೆಯ ತಿರುವು. ವಾಹನಗಳ ಮೇಲಿನ ತೆರಿಗೆ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ರಾಜ್ಯ ಪಟ್ಟಿಯ 57ನೆಯ ನಮೂದು. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಿಸುವಾಗ ಕಟ್ಟುವ ಹಸಿರು ತೆರಿಗೆಯೂ ರಾಜ್ಯದ್ದೇ. ದೆಹಲಿಗೆ ನುಗ್ಗುವ ಲಾರಿಗಳ ಮೇಲಿನ ಪರಿಸರ ಪರಿಹಾರ ಶುಲ್ಕವನ್ನು 2015ರಲ್ಲಿ ಸುಪ್ರೀಂ ಕೋರ್ಟೇ ವಿಧಿಸಿತು. ಅಲ್ಲಿ ಲಾರಿ ಮಾಲೀಕ ಸಿಟ್ಟು ತೀರಿಸಿಕೊಳ್ಳಲು ಮತಪತ್ರದಲ್ಲಿ ಯಾರ ಹೆಸರೂ ಇಲ್ಲ. ರಾಜ್ಯ ಸರ್ಕಾರ ಹಾಕಿದರೆ ಲೆಕ್ಕ ಚುಕ್ತಾ ಆಗುವುದು ವಿಧಾನಸಭೆ ಚುನಾವಣೆಯಲ್ಲಿ. ಶಿರಸಿ ಕ್ಷೇತ್ರದಲ್ಲಿ ಸಿದ್ದಾಪುರವೂ, ಕಾರವಾರ ಕ್ಷೇತ್ರದಲ್ಲಿ ಅಂಕೋಲಾವೂ ಸೇರಿರುವುದರಿಂದ ಪೇಟೆಯ ಬಾಗಿಲಲ್ಲಿ ಹಣ ಕಟ್ಟಿದ ಹಳ್ಳಿಯ ಪಿಕಪ್ ಒಡೆಯನಿಗೂ ಆಗ ಗುಂಡಿ ಸಿಗುತ್ತದೆ. ಅಳೆಯುವವರಿಗೂ ಅದೇ ಅನುಕೂಲ. ವಿಧಾನಸಭೆ ಚುನಾವಣೆಯ ಮತಗಟ್ಟೆವಾರು ಮತಗಳು ಚುನಾವಣಾ ಫಲಿತಾಂಶದ ಪಟ್ಟಿಯಾದ ನಮೂನೆ 20ರಲ್ಲಿ ಸಿಗುತ್ತವೆ. ಅದನ್ನು ಅದೇ ವರ್ಷದ ಮತದಾರರ ಪಟ್ಟಿಯೊಂದಿಗೆ ಮತಗಟ್ಟೆ ಸಂಖ್ಯೆ ಹಿಡಿದು ಜೋಡಿಸಬೇಕು. ಎರಡು ಚುನಾವಣೆಗಳ ನಡುವೆ ಮತಗಟ್ಟೆಯ ಸಂಖ್ಯೆಗಳು ಬದಲಾಗಿರುವುದುಂಟು, ಆದ್ದರಿಂದ ಜೋಡಿಸುವಾಗ ಸಂಖ್ಯೆಯ ಜೊತೆ ಶಾಲೆಯ ಹೆಸರನ್ನೂ ತಾಳೆ ನೋಡಬೇಕು.