80 ಕಿ.ಮೀ. ಆಗುವಾಗ ಕಾಲು ಸೋಲುವುದೇಕೆ? ಸೀಯಾಳ, ಬಾಳೆಹಣ್ಣು ಸಾಲದೇ?

ಪ್ರಶ್ನೆ: ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಅಮೆಚೂರ್ ಸೈಕಲ್ ರೋಡ್ ರೇಸ್‌ಗೆ ತಯಾರಿ ಮಾಡುತ್ತಿದ್ದೇನೆ. ಭಾನುವಾರಗಳಲ್ಲಿ 100 ಕಿ.ಮೀ. ಹೋಗುತ್ತೇನೆ. ಮೊದಲ ಎರಡು ಗಂಟೆ ಏನೂ ತೊಂದರೆಯಿಲ್ಲ. 70–80 ಕಿ.ಮೀ. ಆಗುವಾಗ ಕಾಲಿನಲ್ಲಿ ಬಲವೇ ಇರುವುದಿಲ್ಲ, ಒಮ್ಮೊಮ್ಮೆ ಮೀನಖಂಡ ಹಿಡಿದುಕೊಳ್ಳುತ್ತದೆ. ಎರಡು ಬಾಟಲಿ ನೀರು, ಎರಡು ಕದಳಿ ಹಣ್ಣು, ದಾರಿಯಲ್ಲಿ ಒಂದು ಸೀಯಾಳ. ಇಷ್ಟು ಸಾಲದೇ? ದುಬಾರಿ ಎನರ್ಜಿ ಜೆಲ್ (ಪೊಟ್ಟಣದಲ್ಲಿ ಬರುವ ಗಟ್ಟಿ ಸಕ್ಕರೆ ಪಾಕ) ಕೊಳ್ಳಲೇಬೇಕೇ?

ಉತ್ತರ: ಸಾಲದು. ಆದರೆ ಜೆಲ್ ಕೊಳ್ಳಲೇಬೇಕೆಂದಿಲ್ಲ. ನಿಮಗೆ ಬೇಕಾದದ್ದು ಸಕ್ಕರೆ, ಉಪ್ಪು, ಗ್ರಾಂ ತೋರಿಸುವ ಒಂದು ಅಡುಗೆ ತಕ್ಕಡಿ ಮತ್ತು ಗಡಿಯಾರ ನೋಡಿ ಕುಡಿಯುವ ಶಿಸ್ತು.

ಮೊದಲು ಲೆಕ್ಕ ನೋಡೋಣ. ಪೆಡಲಿಗೆ ಹಾಕುವ ಶಕ್ತಿಯನ್ನು ವಾಟ್ ಲೆಕ್ಕದಲ್ಲಿ ಅಳೆಯುತ್ತಾರೆ. 200 ವಾಟ್‌ನಲ್ಲಿ ಒಂದು ಗಂಟೆ ತುಳಿದರೆ ಸುಮಾರು 700 ಕಿಲೋ ಕ್ಯಾಲೊರಿ ಖರ್ಚಾಗುತ್ತದೆ. ರೇಸ್ ವೇಗದಲ್ಲಿ ಅದರ ಮುಕ್ಕಾಲು ಪಾಲು ಕಾರ್ಬೊಹೈಡ್ರೇಟಿನಿಂದಲೇ ಬರುತ್ತದೆ ಎಂದಿಟ್ಟುಕೊಂಡರೆ ಗಂಟೆಗೆ 130 ಗ್ರಾಂ. ಸ್ನಾಯು ಮತ್ತು ಯಕೃತ್ತು ಎರಡರಲ್ಲಿ ಸೇರಿ ತುಂಬಿದಾಗ ಇರುವ ಕಾರ್ಬೊಹೈಡ್ರೇಟ್ ದಾಸ್ತಾನು (ಗ್ಲೈಕೋಜನ್) ಹೆಚ್ಚೆಂದರೆ 400–500 ಗ್ರಾಂ. ರಾತ್ರಿ ಕಳೆದು ಏಳುವಾಗ ಯಕೃತ್ತಿನ ಪಾಲು ಅರ್ಧಕ್ಕರ್ಧ ಕರಗಿರುತ್ತದೆ. ಅಂದರೆ ಮೂರು ಗಂಟೆಯ ಹೊತ್ತಿಗೆ ಡಬ್ಬಿ ಖಾಲಿ. ನಿಮ್ಮ ಕಾಲು ಸೋಲುವುದೂ ಸರಿಯಾಗಿ ಅಲ್ಲಿಯೇ.

ಇದಕ್ಕೆ ಎದುರಾಗಿ ನೀವು ಒಳಗೆ ಹಾಕಿದ್ದೆಷ್ಟು? ಒಂದು ಸಣ್ಣ ಕದಳಿ ಹಣ್ಣಿನಲ್ಲಿ 13 ಗ್ರಾಂನಷ್ಟು ಕಾರ್ಬೊಹೈಡ್ರೇಟ್. ಒಂದು ಸೀಯಾಳದ 300 ಮಿ.ಲೀ. ನೀರಿನಲ್ಲಿ 11–12 ಗ್ರಾಂ ಸಕ್ಕರೆ. ಎಲ್ಲ ಕೂಡಿಸಿದರೂ 40 ಗ್ರಾಂ ಮುಟ್ಟುವುದಿಲ್ಲ. ಅದೂ ಮೂರು ಗಂಟೆಗೆ! ಇವತ್ತು ವರ್ಲ್ಡ್‌ಟೂರ್ (ವೃತ್ತಿಪರ ಸೈಕ್ಲಿಂಗ್‌ನ ಅತ್ಯುನ್ನತ ಮಟ್ಟ) ಸವಾರರು ಕಷ್ಟದ ಹಂತಗಳಲ್ಲಿ ಗಂಟೆಗೇ 90ರಿಂದ 120 ಗ್ರಾಂ ತೆಗೆದುಕೊಳ್ಳುತ್ತಾರೆ. ನಿಮಗೆ ಅಷ್ಟು ಬೇಡ. ಗಂಟೆಗೆ 60 ಗ್ರಾಂ ದಾಟಿದರೆ ಸಾಕು, 100 ಕಿ.ಮೀ.ಯ ಕೊನೆಯ ಭಾಗ ಬೇರೆಯೇ ಆಗಿರುತ್ತದೆ.

ಸೀಯಾಳ ಒಳ್ಳೆಯದೇ, ಆದರೆ ಸವಾರಿ ಮುಗಿದ ಮೇಲೆ. ಅದರಲ್ಲಿ ಹೇರಳವಾಗಿರುವುದು ಪೊಟ್ಯಾಶಿಯಂ. ಬೆವರಿನಲ್ಲಿ ಹರಿದುಹೋಗುವುದು ಮುಖ್ಯವಾಗಿ ಸೋಡಿಯಂ. ಲೀಟರ್ ಬೆವರಿಗೆ ಸರಾಸರಿ ಒಂದು ಗ್ರಾಂ ಸೋಡಿಯಂ ಹೋಗುತ್ತದೆ. ಕೆಲವರಿಗೆ ಅರ್ಧ ಗ್ರಾಂ, ಕೆಲವರಿಗೆ ಒಂದೂವರೆ. ಜೆರ್ಸಿಯ ಬೆನ್ನಿನಲ್ಲಿ, ಹೆಲ್ಮೆಟ್ ಪಟ್ಟಿಯಲ್ಲಿ ಒಣಗಿದ ಮೇಲೆ ಬಿಳಿ ಗೆರೆ ಎದ್ದು ಕಾಣುತ್ತಿದ್ದರೆ ನೀವು ಈ ಒಂದೂವರೆ ಗ್ರಾಂ ಗುಂಪಿನವರಾಗಿರುವ ಸಾಧ್ಯತೆ ಹೆಚ್ಚು.

ಇನ್ನು ನಮ್ಮ ಊರಿನ ಸೆಖೆಯ ವಿಷಯ. ಯುರೋಪಿನ ತರಬೇತಿ ಲೇಖನಗಳನ್ನು ಓದಿ ಹಾಗೇ ಅನುಸರಿಸುವವರು ಎಡವುವುದು ಇಲ್ಲಿ. ಮೈಯನ್ನು ತಂಪು ಮಾಡುವುದು ಆವಿಯಾಗುವ ಬೆವರು ಮಾತ್ರ. ತೊಟ್ಟಿಕ್ಕಿ ನೆಲಕ್ಕೆ ಬೀಳುವ ಬೆವರಿನಿಂದ ಏನೂ ಪ್ರಯೋಜನವಿಲ್ಲ. ಮಾರ್ಚ್‌ನಿಂದ ಮೇವರೆಗೆ ಕುಂಬಳೆ, ಮಂಜೇಶ್ವರದಂಥ ಕರಾವಳಿಯಲ್ಲಿ ಬೆಳಗಿನ ಏಳಕ್ಕೇ ಗಾಳಿಯಲ್ಲಿ ತೇವ ತುಂಬಿರುತ್ತದೆ. ಬೆವರು ಆರುವುದಿಲ್ಲ, ಮೈ ಇನ್ನಷ್ಟು ಬೆವರುತ್ತದೆ. ಸಮತಟ್ಟಿನಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಮುಖಕ್ಕೆ ಗಾಳಿ ಬಡಿಯುವುದರಿಂದ ಇದು ಅಷ್ಟಾಗಿ ತಿಳಿಯುವುದಿಲ್ಲ. ಪೊಸಡಿಗುಂಪೆ ಕಡೆಯ ಏರಿನಲ್ಲಿ ವೇಗ ಹತ್ತಕ್ಕೆ ಇಳಿದಾಗ ಒಮ್ಮೆಲೇ ತಲೆ ಬಿಸಿಯಾಗುತ್ತದೆ.

ರಸ್ತೆಯ ಸ್ವಭಾವವೂ ಹೊಟ್ಟೆಬಾಕ. ಚೆರ್ಕಳದಿಂದ ಬದಿಯಡ್ಕ, ಪೆರ್ಲ, ಅಡ್ಕಸ್ಥಳದ ದಾರಿಯಾಗಲಿ, ಕುಂಬಳೆಯಿಂದ ಮುಳ್ಳೇರಿಯದ ದಾರಿಯಾಗಲಿ, ಮುರಕಲ್ಲಿನ ಗುಡ್ಡಗಳನ್ನು ಹತ್ತಿ ಇಳಿಯುತ್ತಲೇ ಇರುತ್ತವೆ. ಎರಡು ಮೂರು ನಿಮಿಷದ ಏರು, ಒಂದು ಇಳಿತ, ಮತ್ತೆ ಏರು. ಪ್ರತಿ ಏರಿನಲ್ಲೂ ಪೆಡಲಿನ ಮೇಲೆ ಎದ್ದುನಿಂತು ತುಳಿದರೆ ಸರಾಸರಿ ವಾಟ್ ಕಡಿಮೆ ಕಂಡರೂ ಗ್ಲೈಕೋಜನ್ ಬೇಗ ಉರಿದುಹೋಗುತ್ತದೆ. ಮೊದಲ ಒಂದು ಗಂಟೆ ಏರುಗಳಲ್ಲಿ ಕುಳಿತೇ, ಹಗುರ ಗೇರಿನಲ್ಲಿ ಹತ್ತಿ. ಮೀನಖಂಡ ಹಿಡಿಯುವುದಕ್ಕೂ ಮುಖ್ಯ ಕಾರಣ ಉಪ್ಪಿನ ಕೊರತೆಗಿಂತ ಸ್ನಾಯುವಿನ ದಣಿವೇ. ಅಭ್ಯಾಸದಲ್ಲಿ ಎಂದೂ ತುಳಿಯದ ತೀವ್ರತೆಯನ್ನು ರೇಸ್ ದಿನ ತುಳಿದರೆ ಎಷ್ಟು ಉಪ್ಪು ಕುಡಿದರೂ ಸೆಳೆತ ಬಂದೇ ಬರುತ್ತದೆ.

ಎಷ್ಟು ಕುಡಿಯಬೇಕು ಎಂಬುದನ್ನು ಊಹಿಸಬೇಡಿ, ಅಳೆಯಿರಿ. ಮೂತ್ರ ಮಾಡಿ, ಬಟ್ಟೆಯಿಲ್ಲದೆ ತೂಕ ನೋಡಿ. ರೇಸ್ ನಡೆಯುವ ಹೊತ್ತಿನಲ್ಲೇ ಒಂದು ಗಂಟೆ ರೇಸ್ ವೇಗದಲ್ಲಿ ತುಳಿಯಿರಿ. ಕುಡಿದ ನೀರಿನ ಲೆಕ್ಕ ಇಡಿ. ಬಂದು ಮೈ ಒರೆಸಿ ಮತ್ತೆ ತೂಕ ನೋಡಿ. 62.0 ಕಿಲೋ ಇದ್ದದ್ದು 60.9 ಆಗಿ, ನಡುವೆ 500 ಮಿ.ಲೀ. ಕುಡಿದಿದ್ದರೆ ಬೆವರಿದ್ದು 1.6 ಲೀಟರ್. ಇದನ್ನು ಪೂರ್ತಿ ತುಂಬಿಸಲು ಹೊರಡಬೇಡಿ, ಹೆಚ್ಚಿನವರ ಹೊಟ್ಟೆಗೆ ಸವಾರಿಯಲ್ಲಿ ಗಂಟೆಗೆ ಒಂದು ಲೀಟರ್ ದಾಟಿದರೆ ಭಾರವಾಗುತ್ತದೆ. ಗಂಟೆಗೆ ಒಂದು ಲೀಟರ್ ಕುಡಿದರೆ ಮೂರು ಗಂಟೆಗೆ 1.8 ಕಿಲೋ, ಅಂದರೆ ಸುಮಾರು 3 ಪ್ರತಿಶತ ತೂಕ ಇಳಿಯುತ್ತದೆ. ಅಲ್ಲಿಗೆ ನಿಲ್ಲಿಸಿದರೆ ನಡೆಯುತ್ತದೆ. ಸವಾರಿ ಮುಗಿದಾಗ ತೂಕ ಏರಿದ್ದರೆ ಅದು ಅಪಾಯದ ಗುರುತು. ಬೆವರಿದ್ದಕ್ಕಿಂತ ಹೆಚ್ಚು ಬರೀ ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ಆ ಸ್ಥಿತಿಯಲ್ಲಿ ಮತ್ತಷ್ಟು ನೀರು ಕುಡಿಸುವುದು ಜೀವಕ್ಕೇ ಕುತ್ತು.

ಈಗ ಬಾಟಲಿಗೆ ಬರೋಣ. ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, 2 ಗ್ರಾಂ ಪುಡಿ ಉಪ್ಪು, ಅರ್ಧ ಲಿಂಬೆಯ ರಸ. 750 ಮಿ.ಲೀ. ಬಾಟಲಿಗಾದರೆ 45 ಗ್ರಾಂ ಮತ್ತು 1.5 ಗ್ರಾಂ. ಉಪ್ಪಿನ ತೂಕದಲ್ಲಿ 39 ಪ್ರತಿಶತ ಸೋಡಿಯಂ, ಹಾಗಾಗಿ 2 ಗ್ರಾಂನಲ್ಲಿ 780 ಮಿಲಿಗ್ರಾಂ ಸಿಗುತ್ತದೆ. ಬಿಳಿ ಗೆರೆ ಬೀಳುವವರು 2.5 ಗ್ರಾಂವರೆಗೆ ಹೋಗಬಹುದು. ಚಮಚದ ಅಳತೆಯನ್ನು ನಂಬಬೇಡಿ. ಕಲ್ಲುಪ್ಪು ಮತ್ತು ಪುಡಿ ಉಪ್ಪು ಒಂದೇ ಚಮಚದಲ್ಲಿ ಬೇರೆ ಬೇರೆ ತೂಗುತ್ತವೆ. ಲಿಂಬೆಯ ಬದಲು ಪುನರ್ಪುಳಿ ನೆನೆಸಿದ ನೀರು ಹಾಕಿದರೆ ಮೂರನೇ ಗಂಟೆಯಲ್ಲೂ ಸಿಹಿ ಮುಖಕ್ಕೆ ಹೊಡೆಯುವುದಿಲ್ಲ.

ಸಾಧಾರಣ ಸಕ್ಕರೆಯೇ ಯಾಕೆ? ಕರುಳಿನಿಂದ ರಕ್ತಕ್ಕೆ ದಾಟಲು ಗ್ಲೂಕೋಸ್‌ಗೆ ಒಂದು ಬಾಗಿಲು, ಫ್ರಕ್ಟೋಸ್‌ಗೆ ಇನ್ನೊಂದು. ಗ್ಲೂಕೋಸ್ ಬಾಗಿಲಿನಲ್ಲಿ ಗಂಟೆಗೆ ಸುಮಾರು 60 ಗ್ರಾಂಗಿಂತ ಹೆಚ್ಚು ನುಗ್ಗುವುದಿಲ್ಲ. ಸಕ್ಕರೆ ಒಡೆದಾಗ ಎರಡೂ ಸಮಪಾಲಾಗಿ ಸಿಗುವುದರಿಂದ ಎರಡೂ ಬಾಗಿಲು ಕೆಲಸ ಮಾಡುತ್ತವೆ. ದುಬಾರಿ ಪುಡಿಗಳಲ್ಲಿ ಇರುವ ಸೂತ್ರವೂ ಇದೇ. ಬರೀ ಗ್ಲೂಕೋಸ್ ಪುಡಿಯನ್ನೇ ಹೆಚ್ಚು ಹೆಚ್ಚು ಕಲಸಿದರೆ ಉಳಿದದ್ದು ಕರುಳಿನಲ್ಲೇ ಕುಳಿತು ಹೊಟ್ಟೆ ಉಬ್ಬರಿಸುತ್ತದೆ. ಬೆಲ್ಲವೂ ಹೆಚ್ಚಿನ ಪಾಲು ಸಕ್ಕರೆಯೇ, ಆದರೆ ಸೋಸದಿದ್ದರೆ ಕಸ ಬಾಟಲಿಯ ಮೂತಿಗೆ ಸಿಕ್ಕಿಕೊಳ್ಳುತ್ತದೆ, ಸೆಖೆಗೆ ಬೇಗ ಹುಳಿಯುತ್ತದೆ. ಓಆರ್‌ಎಸ್ ಪೊಟ್ಟಣ ಭೇದಿಗೆಂದು ಮಾಡಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಮಾತ್ರ ಗ್ಲೂಕೋಸ್. ಉಪ್ಪು ಚೆನ್ನಾಗಿದೆ, ಇಂಧನ ಇಲ್ಲ. ಬಳಸುವುದಾದರೆ ಲೀಟರಿಗೆ 45–50 ಗ್ರಾಂ ಸಕ್ಕರೆ ಸೇರಿಸಿ, ಬೇರೆ ಉಪ್ಪು ಬೇಡ.

ಮೇಲಿನ ಅಳತೆ 6 ಪ್ರತಿಶತ ಸಕ್ಕರೆಯದ್ದು. ಜೂನ್–ಜುಲೈ ಮಳೆಯಲ್ಲಿ ಬೆವರು ಕಡಿಮೆ, ಕುಡಿಯುವುದೂ ಕಡಿಮೆ, ಆಗ 750 ಮಿ.ಲೀ.ಗೆ 60 ಗ್ರಾಂ ಹಾಕಬಹುದು. ಸೆಖೆಯ ದಿನ ಅಷ್ಟು ದಪ್ಪ ಮಾಡಬೇಡಿ. ಮೈ ಕಾದಾಗ ರಕ್ತ ಚರ್ಮಕ್ಕೂ ಕಾಲಿಗೂ ಹಂಚಿಹೋಗಿ ಕರುಳಿಗೆ ಸಿಗುವುದು ಕಡಿಮೆಯಾಗುತ್ತದೆ. ದಪ್ಪ ಪಾನಕ ಹೊಟ್ಟೆಯಲ್ಲೇ ನಿಂತು ಕುಲುಕತೊಡಗುತ್ತದೆ. ಇದು ಅನುಭವಿಗಳಿಗೂ ತಪ್ಪಿದ್ದಲ್ಲ. 2023ರ ಟೂರ್ ಡಿ ಫ್ರಾನ್ಸ್‌ನ 17ನೇ ಹಂತದಲ್ಲಿ ಕೋಲ್ ಡಿ ಲಾ ಲೋಜ್ ಏರಿನಲ್ಲಿ ಕುಸಿದ ಸವಾರ ತದೇಯ್ ಪೊಗಾಚರ್ ಪ್ರತಿಸ್ಪರ್ಧಿ ಯೋನಸ್ ವಿಂಗೆಗೋರ್‌ಗಿಂತ 5 ನಿಮಿಷ 45 ಸೆಕೆಂಡ್ ತಡವಾಗಿ ಗುರಿ ಮುಟ್ಟಿದರು. ಆ ದಿನ ಅವರು ಆರಂಭದಲ್ಲೇ ಬಿದ್ದಿದ್ದರು ಕೂಡ. ಆದರೆ ತಿಂದದ್ದಕ್ಕೆ ಕೊರತೆಯಿರಲಿಲ್ಲ, ಅದು ಕಾಲಿಗೆ ಇಳಿಯದೆ ಹೊಟ್ಟೆಯಲ್ಲೇ ಉಳಿಯಿತು ಎಂಬರ್ಥದಲ್ಲಿ ಬಳಿಕ ಅವರೇ ಹೇಳಿದರು.

ಹಾಗಾಗಿ ಕಾಲಿನಂತೆ ಹೊಟ್ಟೆಗೂ ಅಭ್ಯಾಸ ಬೇಕು. ಈಗ ಗಂಟೆಗೆ 13 ಗ್ರಾಂ ತೆಗೆದುಕೊಳ್ಳುವವರು ಬರುವ ಭಾನುವಾರ 80ಕ್ಕೆ ಜಿಗಿದರೆ ಪೊದೆ ಹುಡುಕಬೇಕಾದೀತು. 40 ಗ್ರಾಂನಿಂದ ಹೊರಡಿ, ವಾರಕ್ಕೆ 10 ಗ್ರಾಂ ಏರಿಸಿ. ಉದ್ದ ಸವಾರಿಯಲ್ಲಿ ಮಾತ್ರ ಮಾಡಿದರೂ ಸಾಕು, ಐದಾರು ವಾರದಲ್ಲಿ 80–90 ಗ್ರಾಂ ಸಲೀಸಾಗಿ ಹಿಡಿಸುತ್ತದೆ.

60 ಗ್ರಾಂ ಬಾಟಲಿಯಿಂದ ಬಂತು, ಮಿಕ್ಕಿದ್ದು ತಿನ್ನುವ ರೂಪದಲ್ಲಿರಲಿ. ವೃತ್ತಿಪರ ತಂಡಗಳು ಇಂದಿಗೂ ಸವಾರರ ಜೇಬಿಗೆ ಅನ್ನದ ತುಂಡುಗಳನ್ನು ಕಟ್ಟಿಕೊಡುತ್ತವೆ. ನಮ್ಮಲ್ಲಿ ಇದು ಇನ್ನೂ ಸುಲಭ. 200 ಗ್ರಾಂ ಬೆಳ್ತಿಗೆ ಅಕ್ಕಿಯನ್ನು ಸ್ವಲ್ಪ ಮೆತ್ತಗೆ ಬೇಯಿಸಿ, ಬಿಸಿಯಿರುವಾಗಲೇ 60 ಗ್ರಾಂ ಸಕ್ಕರೆ, ಅರ್ಧ ಚಮಚ ಏಲಕ್ಕಿ, ಚಿಟಿಕೆ ಉಪ್ಪು ಕಲಸಿ, ತಟ್ಟೆಯಲ್ಲಿ ಒಂದೂವರೆ ಬೆರಳು ದಪ್ಪಕ್ಕೆ ಒತ್ತಿ. ತಣಿದ ಮೇಲೆ ಎಂಟು ತುಂಡು ಮಾಡಿ ಬಾಳೆಎಲೆಯಲ್ಲಿ ಕಟ್ಟಿ. ತುಂಡಿಗೆ 27 ಗ್ರಾಂ. ಕುಚ್ಚಲಕ್ಕಿ ಬೇಡ, ಕಾಳು ಕಾಳಾಗಿ ಉದುರುತ್ತದೆ. ತೆಂಗಿನಕಾಯಿ ಹಾಕಬೇಡಿ, ಕೊಬ್ಬು ಹೊಟ್ಟೆಯನ್ನು ನಿಧಾನ ಮಾಡುತ್ತದೆ, ಸೆಖೆಗೆ ಹಳಸುತ್ತದೆ. ಹೊರಡುವ ಬೆಳಿಗ್ಗೆಯೇ ಮಾಡಿ ನಾಲ್ಕು ಗಂಟೆಯೊಳಗೆ ತಿಂದು ಮುಗಿಸಬೇಕು.

ಜೆಲ್‌ನ ನಿಜವಾದ ಅನುಕೂಲ ಒಂದೇ: ರೇಸ್‌ನ ಕೊನೆಯ ಗಂಟೆಯಲ್ಲಿ ಏದುಸಿರು ಬಿಡುತ್ತಿರುವಾಗ ಜಗಿಯಲಾಗುವುದಿಲ್ಲ. ಆ ಹೊತ್ತಿಗೆ ಒಂದೆರಡು ಇಟ್ಟುಕೊಳ್ಳಿ. ಒಂದರಲ್ಲಿ 20–30 ಗ್ರಾಂ ಇರುತ್ತದೆ, ಮೇಲೆ ನಾಲ್ಕು ಗುಟುಕು ನೀರು ಬೇಕೇ ಬೇಕು. ಉಳಿದ ತರಬೇತಿಗೆಲ್ಲ ಅದರ ದುಡ್ಡು ದಂಡ.

ಮೊದಲ ಗುಟುಕು ಹೊರಟ 15ನೇ ನಿಮಿಷಕ್ಕೆ. ಸೈಕಲ್ ಕಂಪ್ಯೂಟರಿನಲ್ಲಿ 15 ನಿಮಿಷಕ್ಕೊಂದು ಅಲಾರಂ ಇಡಿ, ಪ್ರತಿ ಸಲ ಕಾಲು ಲೀಟರ್ ಒಳಗೆ ಹೋಗಲಿ. ಬಾಯಾರಿಕೆಯಾಗಲಿ ಎಂದು ಕಾದವರು ಎರಡನೇ ಗಂಟೆಗೇ ಹಿಂದೆ ಬಿದ್ದಿರುತ್ತಾರೆ, ಮತ್ತೆ ಸರಿದೂಗುವುದಿಲ್ಲ. ಅನ್ನದ ತುಂಡನ್ನು ಏರಿನ ಬುಡಕ್ಕೆ ಹತ್ತು ನಿಮಿಷ ಮೊದಲೇ ತಿನ್ನಿ.

ಬೆಳಿಗ್ಗೆ ಆರಕ್ಕೆ ಹೊರಡುವವರಿಗೆ ಮೂರು ಗಂಟೆ ಮುಂಚೆ ಉಣ್ಣಿ ಎಂಬ ಸಲಹೆ ಕೆಲಸಕ್ಕೆ ಬಾರದು. ಹಿಂದಿನ ರಾತ್ರಿ ಒಂದು ಸೌಟು ಅನ್ನ ಹೆಚ್ಚಿಗೆ ಉಂಡು, ನಾಲ್ಕೂವರೆಗೆ 60 ಗ್ರಾಂ ತೆಳು ಅವಲಕ್ಕಿ, 20 ಗ್ರಾಂ ಬೆಲ್ಲ, ಒಂದು ಕದಳಿ ಹಣ್ಣು ತಿನ್ನಿ. 75 ಗ್ರಾಂ ಆಯಿತು. ಹಲಸು, ಎಣ್ಣೆ ತಿಂಡಿ ಆ ದಿನ ಬೇಡ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಇಲ್ಲಿ ಹೇಳಿದ ಸಕ್ಕರೆ, ಉಪ್ಪಿನ ಅಳತೆಯನ್ನು ವೈದ್ಯರಿಗೆ ತೋರಿಸಿದ ಮೇಲೆಯೇ ಬಳಸಬೇಕು.

ಮೂರೂವರೆ ಗಂಟೆಗೆ ಮೂರೂವರೆ ಲೀಟರ್ ಹೊತ್ತೊಯ್ಯಲಾಗದು. 60 ಗ್ರಾಂ ಸಕ್ಕರೆ, 2 ಗ್ರಾಂ ಉಪ್ಪಿನ ಪೊಟ್ಟಣಗಳನ್ನು ಮನೆಯಲ್ಲೇ ತೂಗಿ ಜೇಬಿಗಿಡಿ, ದಾರಿಯ ಗೂಡಂಗಡಿಯಲ್ಲಿ ಲೀಟರ್ ನೀರು ಕೊಂಡು ಕಲಸಿ. ಹೊರಡುವ ಎರಡು ಬಾಟಲಿಗಳಲ್ಲಿ ಒಂದನ್ನು ರಾತ್ರಿಯೇ ಅರ್ಧ ತುಂಬಿಸಿ ಫ್ರೀಜರಿನಲ್ಲಿಟ್ಟು ಬೆಳಿಗ್ಗೆ ಉಳಿದರ್ಧ ಸುರಿದರೆ ಒಂದೂವರೆ ಗಂಟೆ ತಂಪಾಗಿರುತ್ತದೆ. ಏರಿನಲ್ಲಿ ತಲೆಗೆ, ಕತ್ತಿನ ಹಿಂಬದಿಗೆ ಸುರಿದುಕೊಳ್ಳಲು ಬರೀ ನೀರು ಬೇರೆ ಇರಲಿ. ಸಕ್ಕರೆ ನೀರು ಸುರಿದರೆ ಕಣ್ಣು ಉರಿಯುತ್ತದೆ, ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್ (ಹೆಡ್‌ಸೆಟ್) ಅಂಟುತ್ತದೆ. ಮನೆಗೆ ಬಂದ ಕೂಡಲೇ ಬಾಟಲಿಯ ಮೂತಿ ಬಿಚ್ಚಿ ಬಿಸಿನೀರಿನಲ್ಲಿ ಬ್ರಷ್ ಹಾಕಿ ತೊಳೆದು ಕವುಚಿಡಿ, ಒಂದು ದಿನ ಬಿಟ್ಟರೂ ರಬ್ಬರಿನ ಕೆಳಗೆ ಕಪ್ಪು ಬೂಷ್ಟು ಹಿಡಿಯುತ್ತದೆ.