ಪದ ಪರಿಚಯ: ಟರ್ಬೊ ಬಟನ್

ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ. ಈ ಗಾದೆಗೆ ಕಂಪ್ಯೂಟರ್ ಲೋಕದಿಂದ ಒಂದು ಉದಾಹರಣೆ ಬೇಕೆಂದರೆ ನಾನು ಟರ್ಬೊ ಬಟನ್ನನ್ನು ತೋರಿಸುತ್ತೇನೆ. ಎಂಬತ್ತರ ದಶಕದ ಕೊನೆಯಿಂದ ತೊಂಬತ್ತರ ದಶಕದ ನಡುವಿನವರೆಗೆ ಅನೇಕ ಪಿ.ಸಿ.ಗಳ ಕ್ಯಾಬಿನೆಟ್ಟಿನ ಮುಂದುಗಡೆ, ರೀಸೆಟ್ ಗುಂಡಿಯ ಪಕ್ಕದಲ್ಲಿ ಇದು ಇರುತ್ತಿತ್ತು. ಹೆಸರು ವೇಗದ್ದು, ಕೆಲಸ ಮಾತ್ರ ಯಂತ್ರವನ್ನು ನಿಧಾನಗೊಳಿಸುವುದು.

ಯಂತ್ರವನ್ನು ಬೇಕೆಂದೇ ಕುಂಟಿಸುವುದೇಕೆ? 1981ರ ಐಬಿಎಂ ಪಿ.ಸಿ.ಯಲ್ಲಿದ್ದ ಇಂಟೆಲ್ 8088 ಪ್ರೊಸೆಸರ್ 4.77 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತಿತ್ತು. ಆ ವಿಚಿತ್ರ ಅಂಕಿ ಬಂದದ್ದು ಅಮೆರಿಕದ ಕಲರ್ ಟಿ.ವಿ. ಸಂಕೇತದ ಲೆಕ್ಕದಿಂದ: 14.318 ಮೆಗಾಹರ್ಟ್ಸಿನ ಒಂದೇ ಹರಳಿನಿಂದ ಟಿ.ವಿ. ಬಣ್ಣಕ್ಕೂ ಪ್ರೊಸೆಸರಿಗೂ ತಾಳ ಸಿಗಲಿ ಎಂದು ಅದನ್ನು ಮೂರರಿಂದ ಭಾಗಿಸಿದರು. ಅಂದಿನ ಅನೇಕ ಆಟಗಳನ್ನು ಬರೆದವರು ಈ ವೇಗವೇ ಶಾಶ್ವತ ಎಂದುಕೊಂಡರು. ವೈರಿ ಒಂದು ಹೆಜ್ಜೆ ಇಟ್ಟ ಮೇಲೆ ಮುಂದಿನ ಹೆಜ್ಜೆಗೆ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಗಡಿಯಾರ ನೋಡಿ ತೀರ್ಮಾನಿಸದೆ, ಪ್ರೊಸೆಸರಿಗೆ ಸುಮ್ಮನೆ ಸಾವಿರಾರು ಸಲ ಎಣಿಸುವ ಕೆಲಸ ಹಚ್ಚಿದರು. ಪ್ರೊಸೆಸರ್ ಚುರುಕಾದಂತೆ ಎಣಿಕೆ ಬೇಗ ಮುಗಿಯಿತು, ಆಟ ಹುಚ್ಚುಹಿಡಿದಂತೆ ಓಡತೊಡಗಿತು. ಇಂಥ ಆಟಗಳಿಗಾಗಿಯೇ ಟರ್ಬೊ ಬಟನ್. ಅದನ್ನು ಆಫ್ ಮಾಡಿದರೆ ಪ್ರೊಸೆಸರಿನ ಕ್ಲಾಕ್ ವೇಗ ಇಳಿಯುತ್ತಿತ್ತು, ಇಲ್ಲವೇ ಪ್ರೊಸೆಸರಿಗೆ ಮಾಹಿತಿಯನ್ನು ಬೇಗ ಒದಗಿಸುವ ಕ್ಯಾಶ್ ಮೆಮೊರಿ ಮಲಗುತ್ತಿತ್ತು.

ಹಾಗಾದರೆ ಅದನ್ನು 'ಸ್ಲೋ ಬಟನ್' ಎನ್ನಬಹುದಿತ್ತಲ್ಲ? ಆದರೆ ನಿಧಾನದ ಗುಂಡಿ ಇದೆ ಎಂದು ಹೇಳಿ ಯಾವ ಅಂಗಡಿಯವನು ಕಂಪ್ಯೂಟರ್ ಮಾರಿಯಾನು? ಕಾರುಗಳ ಟರ್ಬೊ ಆಗ ಎಲ್ಲರ ಬಾಯಲ್ಲಿದ್ದ ಪದ. ಹೀಗಾಗಿ ಯಂತ್ರದ ಮಾಮೂಲಿ ವೇಗಕ್ಕೇ 'ಟರ್ಬೊ' ಎಂಬ ಬಿರುದು ಸಿಕ್ಕಿತು.

ನಾನು ಕಂಪ್ಯೂಟರ್ ಕಲಿತ ತರಗತಿಯಲ್ಲಿ ಈ ಗುಂಡಿಯನ್ನು ಮುಟ್ಟಕೂಡದೆಂಬ ಕಟ್ಟಪ್ಪಣೆ ಇತ್ತು. ಮುಟ್ಟದೆ ಇರುವ ವಯಸ್ಸೇ ಅದು? ಒತ್ತಿದೊಡನೆ ಕ್ಯಾಬಿನೆಟ್ಟಿನ ಮೇಲೆ ಮೆಗಾಹರ್ಟ್ಸ್ ವೇಗವೆಂದು ಬೆಳಗುತ್ತಿದ್ದ ಕೆಂಪು ಅಂಕಿ 33ರಿಂದ 16ಕ್ಕೆ ಇಳಿಯಿತು. ಯಂತ್ರದ ಜೀವವೇ ಅರ್ಧ ಹೋಯಿತೆಂದು ಬೆವರಿದೆ. ಎಷ್ಟೋ ವರ್ಷಗಳ ನಂತರ ತಿಳಿಯಿತು, ಆ ಅಂಕಿಗಳು ಏನನ್ನೂ ಅಳೆಯುತ್ತಿರಲಿಲ್ಲ. ಹಿಂಬದಿಯ ಜಂಪರ್‌ಗಳನ್ನು, ಅಂದರೆ ತಂತಿ ಕೂಡಿಸುವ ಪುಟ್ಟ ಕೊಂಡಿಗಳನ್ನು, ಜೋಡಿಸಿದವನು ಯಾವ ಅಂಕಿ ಬೇಕೆಂದನೋ ಅದನ್ನೇ ಅವು ತೋರಿಸುತ್ತಿದ್ದವು. 99 ಎಂದು ಜೋಡಿಸಿದ್ದರೆ 99!

ವೇಗಕ್ಕೆ ಕಟ್ಟುಬಿದ್ದ ಆಟವೆಲ್ಲ ಕೆಟ್ಟದ್ದೆಂದು ನಾನು ಹೇಳಲಾರೆ. 1978ರ 'ಸ್ಪೇಸ್ ಇನ್‌ವೇಡರ್ಸ್'ನಲ್ಲಿ ಶತ್ರುಗಳು ಸತ್ತಷ್ಟೂ ಉಳಿದವರ ಓಟ ಹೆಚ್ಚುತ್ತದೆ. ಚಿತ್ರಿಸಬೇಕಾದವರು ಕಡಿಮೆಯಾದಂತೆ ಪ್ರೊಸೆಸರಿನ ಹೊರೆ ಇಳಿಯುತ್ತಿತ್ತು, ಅಷ್ಟೇ. ಆಟ ರೂಪಿಸಿದ ತೊಮೊಹಿರೊ ನಿಶಿಕಾಡೊ ಅದನ್ನು ತಿದ್ದದೆ ಹಾಗೆಯೇ ಬಿಟ್ಟರು. ಆ ಆಟದ ಎದೆಬಡಿತ ಇರುವುದೇ ಅಲ್ಲಿ. 1990ರ 'ವಿಂಗ್ ಕಮಾಂಡರ್' ಮಾತ್ರ ಇಷ್ಟು ಅದೃಷ್ಟ ಪಡೆದಿರಲಿಲ್ಲ. ಇಂಟೆಲ್ 486 ಪ್ರೊಸೆಸರಿನ ಚುರುಕಾದ ಯಂತ್ರದಲ್ಲಿ ಗುರಿ ಹಿಡಿಯುವ ಮೊದಲೇ ಕಾಳಗ ಮುಗಿದಿರುತ್ತಿತ್ತು.

ಆಟಗಳು ಯಂತ್ರದೊಳಗಿನ ಟೈಮರ್ ನೋಡಿಕೊಂಡು ನಡೆಯಲು ಕಲಿತ ಮೇಲೆ ಗುಂಡಿಗೆ ಕೆಲಸ ಉಳಿಯಲಿಲ್ಲ. ತಮಾಷೆಯೆಂದರೆ, ಅದು ಮರೆಯಾಗುವ ಹೊತ್ತಿಗೇ ಅದರ ಹೆಸರಿನ ನೆಂಟನೊಬ್ಬ ಮುಗ್ಗರಿಸಿದ. ಪ್ರೋಗ್ರಾಮ್ ಬರೆಯುವ ಸಾಧನವಾದ ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಅನೇಕ ಪ್ರೋಗ್ರಾಮ್‌ಗಳು ಶುರುವಿನಲ್ಲೇ ಪ್ರೊಸೆಸರಿನ ವೇಗ ಅಳೆಯಲು ಹೋಗಿ, ಹೊಸ ಯಂತ್ರಗಳಲ್ಲಿ ಲೆಕ್ಕ ತಪ್ಪಿ, 'ರನ್‌ಟೈಮ್ ಎರರ್ 200' ಎಂದು ಕುಸಿದವು.

ಇಂದಿನ ಫೋನಿನ ಬ್ಯಾಟರಿ ಸೇವರ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ, ಹೆಸರಿನಲ್ಲಿ ಮಾತ್ರ ಅದಕ್ಕೆ ಪ್ರಾಮಾಣಿಕತೆ ಇದೆ. ಹಳೆಯ ಆಟಗಳನ್ನು ನಾನು ಈಗ ಆಡುವುದು ಡಾಸ್‌ಬಾಕ್ಸ್‌ನಲ್ಲಿ, ಅಂದರೆ ಹಳೆಯ ಪಿ.ಸಿ.ಯನ್ನು ಅನುಕರಿಸುವ ತಂತ್ರಾಂಶದಲ್ಲಿ. ಅಲ್ಲಿ ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ವೇಗ ಇಳಿಯುತ್ತದೆ, ಎಫ್12 ಒತ್ತಿದರೆ ಏರುತ್ತದೆ. ನನ್ನ ಬೆರಳು ಹೆಚ್ಚಾಗಿ ಇರುವುದು ಎಫ್11ರ ಮೇಲೆಯೇ.