ಸೋರುವುದು ಕರುಳಿನಲ್ಲಿ, ಕಾರಣ ಹೃದಯದಲ್ಲಿ

ವಯಸ್ಸು ಎಪ್ಪತ್ತರ ಹತ್ತಿರ. ಸುಸ್ತು ಬಿಟ್ಟರೆ ಬೇರೆ ದೂರಿಲ್ಲ. ರಕ್ತ ಪರೀಕ್ಷೆ ಮಾಡಿದರೆ ಹಿಮೋಗ್ಲೋಬಿನ್ 7. ಹೊಟ್ಟೆನೋವಿಲ್ಲ, ಮಲದಲ್ಲಿ ರಕ್ತ ಕಂಡಿಲ್ಲ. ಐರನ್ ಮಾತ್ರೆ ತಗೊಂಡಷ್ಟು ದಿನ ಸ್ವಲ್ಪ ಏರುತ್ತದೆ, ಬಿಟ್ಟರೆ ಮತ್ತೆ ಇಳಿಯುತ್ತದೆ. ಹುಣ್ಣು, ಕ್ಯಾನ್ಸರ್ ಇದೆಯಾ ಅಂತ ಮೊದಲು ನೋಡಬೇಕು. ಅವೆರಡೂ ಇಲ್ಲ ಅಂದಾಗ ಡಾಕ್ಟರುಗಳಿಗೆ ನೆನಪಾಗುವ ಹೆಸರುಗಳಲ್ಲಿ ಒಂದು ಆಂಜಿಯೋಡಿಸ್‌ಪ್ಲೇಸಿಯಾ. ಹೆಸರು ಹೇಳೋಕೆ ನಾಲಿಗೆ ತಡವರಿಸಿದರೂ ವಿಷಯ ಇಷ್ಟೇ: ಕರುಳಿನ ಒಳಪದರದ ಸಣ್ಣ ರಕ್ತನಾಳಗಳು ಹಿಗ್ಗಿ, ಸುರುಳಿ ಸುತ್ತಿಕೊಂಡು, ಗೋಡೆ ತೆಳುವಾಗಿ ಕೂತಿರುತ್ತವೆ. ಒಳಗೆ ಕ್ಯಾಮೆರಾ ಬಿಟ್ಟು ನೋಡಿದರೆ ಚಿಕ್ಕದೊಂದು ಕೆಂಪು ಚುಕ್ಕೆ, ಅಷ್ಟೇ.

ಇಷ್ಟು ಚಿಕ್ಕದರಿಂದ ರಕ್ತಹೀನತೆ ಹೇಗೆ? ಲೆಕ್ಕ ಹಾಕಿ ನೋಡಿ. 1 ಮಿ.ಲೀ. ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಊಟದಿಂದ ನಮ್ಮ ಕರುಳು ದಿನಕ್ಕೆ ಹೀರಿಕೊಳ್ಳುವುದು 1ರಿಂದ 2 ಮಿಲಿಗ್ರಾಂ. ದಿನಕ್ಕೆ ಎರಡು ಟೀ ಚಮಚದಷ್ಟು, ಅಂದರೆ 10 ಮಿ.ಲೀ. ರಕ್ತ ಸೋರಿದರೂ ಸುಮಾರು 5 ಮಿಲಿಗ್ರಾಂ ಹೋಯಿತು. ಬರುವುದು ಕಡಿಮೆ, ಹೋಗುವುದು ಜಾಸ್ತಿ. ಆದರೆ ಮಲ ಡಾಂಬರಿನ ಹಾಗೆ ಕಪ್ಪಾಗೋಕೆ ಸುಮಾರು 50 ಮಿ.ಲೀ.ಗಿಂತ ಜಾಸ್ತಿ ರಕ್ತ ಬೇಕು, ಹಾಗಾಗಿ ತಿಂಗಳುಗಟ್ಟಲೆ ಕಣ್ಣಿಗೆ ಏನೂ ಬೀಳುವುದಿಲ್ಲ. ಇನ್ನೊಂದು ತಮಾಷೆ ಏನಂದರೆ ಐರನ್ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಅದರಿಂದ ನಿಜವಾಗಿ ರಕ್ತ ಹೋದಾಗಲೂ 'ಮಾತ್ರೆಯಿಂದ ಇರಬೇಕು ಬಿಡಿ' ಅಂದುಕೊಳ್ಳುವವರಿದ್ದಾರೆ.

ಈ ಚುಕ್ಕೆಗಳಿಗೆ ಇಷ್ಟವಾದ ಜಾಗ ದೊಡ್ಡ ಕರುಳು ಶುರುವಾಗುವ ಬಲಭಾಗ. ಅಲ್ಲಿ ಕರುಳು ಚೀಲದಂತೆ ಅಗಲ. ಅಗಲ ಜಾಸ್ತಿಯಾದಷ್ಟೂ ಗೋಡೆಯ ಮೇಲಿನ ಎಳೆತವೂ ಜಾಸ್ತಿ. ಕರುಳಿನ ಸ್ನಾಯು ಬಿಗಿಯಾದಾಗಲೆಲ್ಲ ಅದರ ನಡುವೆ ಹಾದುಹೋಗುವ ಅಭಿಧಮನಿ, ಅಂದರೆ ರಕ್ತವನ್ನು ವಾಪಸ್ ಒಯ್ಯುವ ನಾಳ, ಸ್ವಲ್ಪ ಹಿಸುಕಿದಂತಾಗುತ್ತದೆ. ರಕ್ತ ತರುವ ಅಪಧಮನಿಯಲ್ಲಿ ಒತ್ತಡ ಜಾಸ್ತಿ ಇರುವುದರಿಂದ ರಕ್ತ ಒಳಗೆ ಬರುತ್ತಲೇ ಇರುತ್ತದೆ, ಹೊರಗೆ ಹೋಗುವ ದಾರಿ ಮಾತ್ರ ಆಗಾಗ ಮುಚ್ಚುತ್ತದೆ. ದಶಕಗಳ ಕಾಲ ಹೀಗೇ ನಡೆದರೆ ನಾಳಗಳು ಹಿಗ್ಗದೆ ಇನ್ನೇನು ಮಾಡುತ್ತವೆ? ವಯಸ್ಸಾದವರಲ್ಲೇ ಇದು ಜಾಸ್ತಿ ಯಾಕೆ ಅನ್ನುವುದಕ್ಕೆ ಬಹಳ ಜನ ಒಪ್ಪುವ ವಿವರಣೆ ಇದು.

ನನಗೆ ಎಲ್ಲಕ್ಕಿಂತ ಸೋಜಿಗ ಅನಿಸುವುದು ಹೃದಯದ ಕಥೆ. 1958ರಲ್ಲಿ ಎಡ್ವರ್ಡ್ ಹೇಡ್ ಅನ್ನುವ ಅಮೆರಿಕದ ಡಾಕ್ಟರ್ ಒಂದು ವೈದ್ಯಕೀಯ ಪತ್ರಿಕೆಗೆ ಪುಟ್ಟ ಪತ್ರ ಬರೆದರು. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲಾದ ಮಹಾಪಧಮನಿ ಕವಾಟ ಗಟ್ಟಿಯಾಗಿ ಕಿರಿದಾದವರಲ್ಲಿ ಕರುಳಿನಿಂದ ಕಾರಣವೇ ಗೊತ್ತಾಗದ ರಕ್ತಸ್ರಾವ ಕಾಣುತ್ತಿದೆ, ಬೇರೆಯವರೂ ನೋಡಿದ್ದೀರಾ ಅಂತ. ಕವಾಟಕ್ಕೂ ಕರುಳಿಗೂ ಏನು ಸಂಬಂಧ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ?

ಉತ್ತರ ಸಿಕ್ಕಿದ್ದು ರಕ್ತದಲ್ಲೇ. ವಾನ್ ವಿಲೆಬ್ರಾಂಡ್ ಫ್ಯಾಕ್ಟರ್ ಅನ್ನುವ ಉದ್ದ ಸರಪಳಿಯಂಥ ಪ್ರೋಟೀನು ಗಾಯವಾದ ಜಾಗಕ್ಕೆ ಪ್ಲೇಟ್‌ಲೆಟ್‌ಗಳನ್ನು, ಅಂದರೆ ರಕ್ತ ನಿಲ್ಲಿಸುವ ಕಣಗಳನ್ನು, ಹಿಡಿದು ಅಂಟಿಸುತ್ತದೆ. ಕಿರಿದಾದ ಕವಾಟದಲ್ಲಿ ರಕ್ತ ನುಗ್ಗಿ ಹೋಗುವಾಗ ಆ ರಭಸಕ್ಕೆ ಉಂಡೆಯಂತಿದ್ದ ಈ ಸರಪಳಿ ಬಿಚ್ಚಿಕೊಳ್ಳುತ್ತದೆ, ಬಿಚ್ಚಿಕೊಂಡದ್ದನ್ನು ರಕ್ತದಲ್ಲಿರುವ ಒಂದು ಕಿಣ್ವ ಕತ್ತರಿಸಿಹಾಕುತ್ತದೆ. ತುಂಡು ಸರಪಳಿ ಕೆಲಸಕ್ಕೆ ಬರುವುದಿಲ್ಲ. ಕರುಳಿನ ತೆಳು ನಾಳ ಒಡೆದರೆ ರಕ್ತ ನಿಲ್ಲುವುದು ಕಷ್ಟ. ಕವಾಟ ಬದಲಾಯಿಸಿದರೆ ಸರಪಳಿ ಮತ್ತೆ ಉದ್ದವಾಗಿ, ಎಷ್ಟೋ ಜನರಲ್ಲಿ ಕರುಳಿಗೆ ಕೈಯನ್ನೇ ಹಾಕದೆ ರಕ್ತಸ್ರಾವ ನಿಂತುಬಿಡುತ್ತದೆ! ಹೃದಯ ಸೋತವರಿಗೆ ಅಳವಡಿಸುವ ಯಾಂತ್ರಿಕ ಪಂಪಿನಲ್ಲೂ ಇದೇ ಆಗುತ್ತದೆ, ಅಲ್ಲಿ ಸರಪಳಿ ಹಾಳಾಗುವುದು ಪಂಪಿನ ರಭಸಕ್ಕೆ.

ಹುಡುಕುವುದೇ ದೊಡ್ಡ ತಲೆನೋವು. ದೊಡ್ಡ ಕರುಳನ್ನು ಕೊಲೊನೋಸ್ಕೋಪಿಯಲ್ಲಿ ನೋಡಬಹುದು. ಸಣ್ಣ ಕರುಳು ಸುಮಾರು 6 ಮೀಟರ್ ಉದ್ದ, ಮಾಮೂಲಿ ಎಂಡೋಸ್ಕೋಪ್ ಅದರ ಬಾಗಿಲು ದಾಟಿ ಸ್ವಲ್ಪ ದೂರ ಹೋಗಿ ವಾಪಸ್ ಬರುತ್ತದೆ. ಅಲ್ಲಿಗೆ ನುಂಗುವ ಕ್ಯಾಮೆರಾ ಬೇಕು. 2001ರಿಂದ ಬಳಕೆಯಲ್ಲಿರುವ ಈ ಕ್ಯಾಪ್ಸೂಲು ಸುಮಾರು 26 ಮಿ.ಮೀ. ಉದ್ದ, ದಾರಿಯುದ್ದಕ್ಕೂ ಸಾವಿರಾರು ಫೋಟೋ ತೆಗೆಯುತ್ತದೆ. ಚುಕ್ಕೆ ಸಿಕ್ಕರೂ ಅದು ರಕ್ತ ಸೋರಿಸುತ್ತಿಲ್ಲವಾದರೆ ಸುಮ್ನೆ ಬಿಡುತ್ತಾರೆ. ಸೋರುತ್ತಿದ್ದರೆ ಆರ್ಗಾನ್ ಅನಿಲದ ಮೂಲಕ ವಿದ್ಯುತ್ ಹರಿಸಿ ಮೇಲ್ಪದರವನ್ನಷ್ಟೇ ಸುಡುತ್ತಾರೆ. ಒಂದನ್ನು ಸುಟ್ಟರೆ ಇನ್ನೊಂದು ಕಡೆ ಹೊಸದು ಹುಟ್ಟುವುದುಂಟು, ಹಾಗಾಗಿ ಕೆಲವರಿಗೆ ಕಬ್ಬಿಣದ ಇಂಜೆಕ್ಷನ್ ಮತ್ತು ಆಗಾಗ ರಕ್ತ ಪರೀಕ್ಷೆ ವರ್ಷಗಟ್ಟಲೆ ನಡೆಯುತ್ತಲೇ ಇರುತ್ತವೆ.